ಕಣ್ಣಿನ ಪೊರೆ

ಸುಮಾರು 15 ವರ್ಷಗಳ ಹಿಂದಿನ ಮಾತು. ನಾನಾಗ ಗಂಗಾವತಿಯಲ್ಲಿ ಸೇವೆಯಲ್ಲಿದ್ದೆ. ಒಂದು ಭಾನುವಾರ ಬಲಿಪೂಜೆ ಮುಗಿದ ಹೊತ್ತಿಗೆ ವೃದ್ಧ ಹಾವಾಡಿಗನೊಬ್ಬ ಬುಟ್ಟಿ ಹೊತ್ತು ದೇವಾಲಯದ ಅಂಗಳಕ್ಕೆ ಬಂದ. ಮಕ್ಕಳು ಸುತ್ತ ನೆರೆದರು. ಆತ ಮುಚ್ಚಳ ತೆಗೆದು ಕೈ ಚಾಚಿದ್ದೇ ತಡ, ನಾಗರಹಾವು ಹೆಡೆಯೆತ್ತಿ ಬುಸುಗುಟ್ಟಿ ಅವನ ಮುಂಗೈಗೆ ಅಪ್ಪಳಿಸಿತು.

"ಸಾಕಿದವನನ್ನೇ ಕಚ್ಚಿತಲ್ಲಪ್ಪ!" ಎಂದೆ.

ಆತ ಕೈ ತಿರುಗಿಸಿ ತೋರಿಸಿದ, ಗಾಯವಿರಲಿಲ್ಲ. "ಕಚ್ಚಿಲ್ಲ ಯಪ್ಪಾ, ಬಾಯಿ ಮುಚ್ಚಿಕೊಂಡ ಬಡದೈತಿ. ಅದಕ್ಕ ಪೊರಿ ಬಂದೈತ್ರಿ, ಕಣ್ಣು ಕಾಣಂಗಿಲ್ಲ. ತಪ್ಪು ನಂದ. ಇವತ್ತ ಬುಟ್ಟಿ ತೆರೀಬಾರದಿತ್ತು."

ಆದಿಕಾಂಡದ ಸರ್ಪದ ಬಗ್ಗೆ ಎಷ್ಟೋ ಸಲ ಪ್ರಬೋಧನೆ ಮಾಡಿದ್ದ ನಾನು, ನಿಜವಾದ ಹಾವಿನ ಕಣ್ಣನ್ನು ದಿಟ್ಟಿಸಿ ನೋಡಿದ್ದು ಅಂದೇ ಮೊದಲು. ಅವು ಹಾಲು ಬೆರೆಸಿದ ನೀಲಿಯಂತೆ ಮಸುಕಾಗಿದ್ದವು.

ಆ ಮುದುಕ ಹೇಳಿದ್ದು ಸತ್ಯವೆಂದು ಬಳಿಕ ಓದಿ ತಿಳಿದೆ. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣನ್ನು ಪಾರದರ್ಶಕ ಹುರುಪೆಯೊಂದು ಮುಚ್ಚಿರುತ್ತದೆ. ಪೊರೆ ಕಳಚುವ ಕೆಲವು ದಿನಗಳ ಮೊದಲು ಹಳೆಯ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬಿ ದೃಷ್ಟಿ ಮಂಕಾಗುತ್ತದೆ. ಆ ದಿನಗಳಲ್ಲಿ ಅದು ಮೂಲೆ ಹುಡುಕುತ್ತದೆ, ಆಹಾರವನ್ನೂ ಬೇಡವೆನ್ನುತ್ತದೆ. ಹಾಗಿರುವಾಗ ಮೇಲಿನಿಂದ ನೆರಳೊಂದು ಬಿದ್ದರೆ ಅದು ಸಾಕಿದವನ ಕೈಯೋ ಹದ್ದಿನ ಕಾಲೋ ಎಂದು ಅದಕ್ಕೆ ತಿಳಿಯುವುದೆಂತು? ಹೆಡೆ, ಬುಸುಗುಟ್ಟುವಿಕೆ, ಬಾಯಿ ಮುಚ್ಚಿದ ಹೊಡೆತ ಇವೆಲ್ಲ ಬಹುಮಟ್ಟಿಗೆ "ದೂರವಿರು" ಎಂಬ ಎಚ್ಚರಿಕೆಗಳೇ. ಕಚ್ಚುವುದು ಸಾಮಾನ್ಯವಾಗಿ ಕೊನೆಯ ಉಪಾಯ. ಹಾಗೆಂದು ಯಾರೂ ಪರೀಕ್ಷಿಸಲು ಹೋಗಬೇಡಿ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಇಲಿಗಳನ್ನರಸಿ ಬರುವ ನಾಗರಹಾವು ಎಚ್ಚರಿಕೆ ಕೊಟ್ಟೇ ತೀರುವುದೆಂಬ ಭರವಸೆಯಿಲ್ಲ.

ಆ ಕಸುಬನ್ನು ನಾನು ಸಮರ್ಥಿಸುತ್ತಿಲ್ಲ. ವಿಷದ ಹಲ್ಲು ಕಿತ್ತು ಬುಟ್ಟಿಯಲ್ಲಿಡುವುದು ಕ್ರೌರ್ಯವೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ಆದರೂ "ತಪ್ಪು ನಂದ" ಎಂದ ಆ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣವಿತ್ತು.

ಹಿಂದಿನ ಕ್ರಿಸ್ಮಸ್ಸಿಗೆ ಊರಿಗೆ ಹೋದಾಗ, ಒಲೆಯ ಮುಂದೆ ಕುಳಿತಿದ್ದ ಅವ್ವನ ಹೆಗಲ ಮೇಲೆ ಹಿಂದಿನಿಂದ ಕೈಯಿಟ್ಟಿದ್ದೆ. ಆಕೆ ಬೆಚ್ಚಿ ನನ್ನ ಕೈಯನ್ನು ಕೊಡವಿ ಬೈದಿದ್ದಳು. ವರ್ಷಕ್ಕೊಮ್ಮೆ ಬರುವ ಮಗನ ಮೇಲಿನ ಸಿಟ್ಟೆಂದು ಭಾವಿಸಿ, ತಿಂಗಳುಗಟ್ಟಲೆ ದೂರವಾಣಿಯಲ್ಲಿ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ.

ಆ ವಾರವೇ ಊರಿಗೆ ಹೋದೆ. ಬಾಗಿಲಲ್ಲೇ ನಿಂತು, "ಅವ್ವಾ, ನಾನು" ಎಂದೆ. ದನಿ ಬಂದ ಕಡೆ ಮುಖ ತಿರುಗಿಸಿದಳಾದರೂ ದೃಷ್ಟಿ ನನ್ನನ್ನು ದಾಟಿ ಎಲ್ಲೋ ಹೋಗಿತ್ತು. ವೈದ್ಯರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು.

ಶಸ್ತ್ರಚಿಕಿತ್ಸೆಯ ನಂತರ ಪಟ್ಟಿ ಬಿಚ್ಚಿದಾಗ ಎದುರಿಗೆ ಕುಳಿತಿದ್ದೆ. ಬಹಳ ಹೊತ್ತು ನೋಡಿ, "ಏನೋ, ಇಷ್ಟು ಲಗೂನ ತಲಿ ಬೆಳ್ಳಗಾಗೇತಲ್ಲೋ!" ಎಂದಳು.