ಕಲ್ಲಿನ ಊರಿನಲ್ಲಿ ನೀರಿನ ದಾರಿ

ಹಂಪೆಗೆ ಹೋಗಿಬಂದವರೆಲ್ಲ ಕಲ್ಲಿನ ಮಾತನ್ನೇ ಆಡುತ್ತಾರೆ. ಕಲ್ಲಿನ ರಥ, ನಾದ ಹೊಮ್ಮಿಸುವ ಕಲ್ಲುಕಂಬ, ಕಲ್ಲಿನ ಗಣಪ! ಕಳೆದ ಮಾರ್ಗಶಿರ ಮಾಸದಲ್ಲಿ ನಮ್ಮ ಸಂಸಾರವೂ ಹೊಸಪೇಟೆಯಲ್ಲಿ ರೈಲಿಳಿದು ಹಂಪೆಯ ಹಾದಿ ಹಿಡಿದುದು ಈ ಕಲ್ಲುಗಳನ್ನು ಕಣ್ತುಂಬ ನೋಡಬೇಕೆಂಬ ಆಸೆಯಿಂದಲೇ. ಆದರೆ ಅಲ್ಲಿ ಕಳೆದ ಎರಡು ದಿನಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಆ ಕಲ್ಲುಗಳ ನಡುವೆ ಹರಿಯುವ ನೀರು.

1528ರಲ್ಲಿ ಏಕಶಿಲೆಯಲ್ಲಿ ಕಡೆದ ಉಗ್ರನರಸಿಂಹನ ಭವ್ಯಮೂರ್ತಿಯನ್ನು ನೋಡಿ, ಪಕ್ಕದಲ್ಲಿಯೇ ಇರುವ ಬಡವಿಲಿಂಗದ ಗುಡಿಗೆ ಬಂದೆವು. ಆಳೆತ್ತರವನ್ನು ಮೀರಿದ ಲಿಂಗ. ಅದರ ಪೀಠವೆಲ್ಲ ನೀರಿನಲ್ಲಿ ಮುಳುಗಿದೆ.

“ಅಪ್ಪಾ, ದೇವರ ಕಾಲಿಗೆ ಇಷ್ಟು ನೀರನ್ನು ಯಾರು ತಂದು ಸುರಿಯುತ್ತಾರೆ?” ಎಂದಳು ಮಗಳು.

ಯಾರೂ ತಂದು ಸುರಿಯಬೇಕಾಗಿಲ್ಲ. ಕಾಲುವೆಯ ನೀರೇ ಗುಡಿಯೊಳಗೆ ಹಾದುಹೋಗುತ್ತದೆ. ಆ ನೀರಿನ ಜಾಡು ಹಿಡಿದು ನಾವು ಬಾಳೆಯ ತೋಟಗಳತ್ತ ನಡೆದೆವು.

ವಿರೂಪಾಕ್ಷನ ಸನ್ನಿಧಿಯ ದೇವಾಲಯಗಳು ಒಂದು ಕಡೆ, ಅರಮನೆಗಳಿದ್ದ ನೆಲೆ ಇನ್ನೊಂದು ಕಡೆ. ಇವೆರಡರ ನಡುವೆ ಹಸುರಾಗಿ ಮಲಗಿರುವುದೇ ಈ ಕಣಿವೆ. ಇದಕ್ಕೆ ಜೀವ ತುಂಬುವುದು ತುರ್ತು ಕಾಲುವೆ. ತುಂಗಭದ್ರೆಯ ಬಂಡೆಗಳ ನಡುವೆ ಕಲ್ಲುಗಳನ್ನು ಜೋಡಿಸಿ ಅಡ್ಡಗಟ್ಟೆ ಹಾಕಿ, ನದಿಯನ್ನು ತಡೆದು ನಿಲ್ಲಿಸದೆ, ಅದರ ಒಂದು ಪಾಲನ್ನು ಮಾತ್ರ ಉಪಾಯವಾಗಿ ಪಕ್ಕಕ್ಕೆ ತಿರುಗಿಸಿಕೊಂಡರು ವಿಜಯನಗರದ ಜನ. ಮಿಕ್ಕ ನೀರು ಕಟ್ಟೆಯ ಮೇಲೆ ಹರಿದು ತನ್ನ ದಾರಿ ಹಿಡಿಯುತ್ತದೆ.

ತೋಟದಲ್ಲಿ ವೃದ್ಧರೊಬ್ಬರು ಸಲಿಕೆ ಹಿಡಿದು ಮಡಿಗೆ ನೀರು ತಿರುಗಿಸುತ್ತಿದ್ದರು. ನಮ್ಮನ್ನು ಕಂಡವರೇ, “ಬರ್ರಿ, ಬದುವಿನ ಮ್ಯಾಲೆ ನಡೀರಿ. ನೀರು ಬಿಟ್ಟೀನಿ, ಕಾಲು ಹುಗೀತಾವ” ಎಂದರು.

“ಈ ಕಾಲುವೆ ಯಾರು ಕಟ್ಟಿಸಿದ್ದು ಅಜ್ಜಾ?” ಎಂದು ನಮ್ಮಾಕೆ ಕೇಳಿದಳು.

“ರಾಯರು ಕಟ್ಟಿಸಿದ್ದು ತಾಯಿ. ಹೂಳು ತಗದೋರು ನಾವು.”

ಎರಡೇ ಮಾತು! ಆದರೆ ಅದರಲ್ಲಿ ಶತಮಾನಗಳ ಚರಿತ್ರೆ ಅಡಗಿತ್ತು.

ಮರುದಿನ ಮಹಾನವಮಿ ದಿಬ್ಬವನ್ನು ಏರಿದಾಗ ಆ ಮಾತಿನ ಅರ್ಥ ಇನ್ನಷ್ಟು ಸ್ಪಷ್ಟವಾಯಿತು. ದಿಬ್ಬದ ಸಮೀಪದಲ್ಲಿ ಕರಿಗಲ್ಲಿನ ಮೆಟ್ಟಿಲುಗಳ ಸುಂದರವಾದ ಪುಷ್ಕರಣಿಯಿದೆ. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ತೊಟ್ಟಿಗಾಲುವೆಯೂ ಇದೆ. 1565ರ ಯುದ್ಧದ ನಂತರ ಅರಸರು ಊರು ಬಿಟ್ಟರು. ಪುಷ್ಕರಣಿ ಮಣ್ಣಿನಲ್ಲಿ ಹೂತುಹೋಯಿತು. ಅದು ಮತ್ತೆ ಬೆಳಕು ಕಂಡುದು 1980ರ ದಶಕದ ಉತ್ಖನನದಲ್ಲಿ. ಅರಮನೆಯ ನೀರಿಗೆ ದಿಕ್ಕಿಲ್ಲದಾಯಿತು. ಹೊಲದ ನೀರಿಗೆ ಮಾತ್ರ ವಾರಸುದಾರರಿದ್ದರು. ಆದ್ದರಿಂದಲೇ ಅದು ಇಂದಿಗೂ ಹರಿಯುತ್ತಿದೆ.

ಹಾಗೆಂದು ಅದಕ್ಕೆ ಆತಂಕವಿಲ್ಲವೆಂದಲ್ಲ. ನದಿಯ ಮೇಲ್ಭಾಗದಲ್ಲಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ನೀರೇ ಇಂದು ಈ ಹಳೆಯ ಕಾಲುವೆಗಳಿಗೂ ಆಧಾರ. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯ, ಹೂಳು ತುಂಬಿ, ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ ಒಂದು, 19ನೆಯದು, ಸರಪಳಿ ಕಡಿದು ಕೊಚ್ಚಿಹೋದಾಗ ಕೆಳಗಿನ ರೈತರೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದರು. ಅಷ್ಟು ದೊಡ್ಡ ಜಲಾಶಯದ ಹೂಳು ಅಜ್ಜನ ಸಲಿಕೆಗೆ ದಕ್ಕುವಂಥದಲ್ಲ.

ಇನ್ನೊಂದು ಆತಂಕ ಅಜ್ಜನ ಮನೆಯೊಳಗಿನದು. ನಮ್ಮ ಮಕ್ಕಳ ಕೈಗೆ ಸುಗಂಧಿ ಬಾಳೆಯ ಹಣ್ಣುಗಳನ್ನು ಇಡುತ್ತ ಅವರೆಂದರು: “ಮಗ ಹೊಸಪ್ಯಾಟಿ ಲಾಡ್ಜಿನಾಗ ಕೆಲಸಕ್ಕ ಹೋಗ್ಯಾನ. ಹೊಲ ಬ್ಯಾಡಂತಾನ. ತಿಂಗಳಿಗೆ ಸರಿಯಾಗಿ ರೊಕ್ಕ ಬರ್ತೈತಿ, ತಪ್ಪು ಅನ್ನಾಕ ಬರಂಗಿಲ್ಲ.” ನಾವು ಕೊಡಹೋದ ಹಣವನ್ನು ಅವರು ಮುಟ್ಟಲಿಲ್ಲ.

1986ರಲ್ಲಿ ಹಂಪೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಕಲ್ಲುಗಳಿಗೆ ಕಾವಲುಗಾರರಿದ್ದಾರೆ, ಬೇಲಿಯಿದೆ, ಫಲಕಗಳಿವೆ, ಇರಲೇಬೇಕು. ಆದರೆ ಬೇಲಿ ಹಾಕಿ ಕಾಲುವೆಯನ್ನು ಉಳಿಸಲಾದೀತೆ? ಬೆಳೆಗೆ ನೀರು ಬೇಕೆನ್ನುವವನು ಹೊಲದಲ್ಲಿ ಇರುವ ತನಕ ಮಾತ್ರ ಅದು ಕಾಲುವೆ. ಅವನು ಎದ್ದುಹೋದ ದಿನ ಅದೂ ನೋಡತಕ್ಕ ಹಾಳುಗಳಲ್ಲಿ ಒಂದಾದೀತು.

ಹಂಪೆಗೆ ಹೊರಡುವ ವಾಚಕರು ಒಂದು ಬೆಳಗನ್ನು ಈ ಕಣಿವೆಗಾಗಿ ಮೀಸಲಿಡಲಿ. ಬದುವಿನ ಮೇಲೆ ನಡೆಯಲು ಅಪ್ಪಣೆ ಕೇಳಿ ನಡೆಯಲಿ. ಹಿಂತಿರುಗುವಾಗ, ಬೆಳೆದವರ ಕೈಯಿಂದಲೇ ಒಂದು ಚಿಪ್ಪು ಬಾಳೆಹಣ್ಣನ್ನು ಚೌಕಾಸಿ ಮಾಡದೆ ಕೊಂಡುಕೊಳ್ಳಲಿ.