ತಪ್ಪಲೆಯ ಮೇಲಿನ ಹೆಸರು

ಮಧ್ಯಾಹ್ನದ ಊಟ ಮುಗಿದು, ಅಡುಗೆಮನೆಯ ಬಾಗಿಲು ಮುಚ್ಚಿ, ಸಂಜೆಯ ಕಾಫಿಗೆ ಇನ್ನೂ ಎರಡು ಗಂಟೆ ಇರುವಾಗ ಓದಲೆಂದೇ ಹುಟ್ಟಿದ ಒಂದು ಜಾತಿಯ ಪತ್ತೇದಾರಿ ಕಾದಂಬರಿಗಳುಂಟು. ಅವುಗಳಲ್ಲಿ ಪಿಸ್ತೂಲಿನ ಸದ್ದು ಕಡಿಮೆ, ರಕ್ತವಂತೂ ಇಲ್ಲವೆನ್ನುವಷ್ಟು ಅಲ್ಪ. ಕೊಲೆಯೂ ಒಂದು ಬಗೆಯ ಮರ್ಯಾದೆಯಿಂದಲೇ ನಡೆಯುತ್ತದೆ. ಅಪರಾಧಿಯನ್ನು ಹಿಡಿಯುವವರು ಪೊಲೀಸರಲ್ಲ. ನೆರೆಮನೆಯವರ ಮಾತಿಗೆ ಕಿವಿಗೊಡುವ ಯಾರೋ ಒಬ್ಬ ಹೆಂಗಸು. ಗುಟ್ಟು ಬಹುಮಟ್ಟಿಗೆ ಒಂದೇ: ನಲವತ್ತು ಐವತ್ತು ವರ್ಷಗಳ ಹಿಂದೆ ಆ ಕುಟುಂಬದಲ್ಲಿ ನಡೆದದ್ದು, ಯಾರೂ ಬಾಯಿ ಬಿಡದೆ ಇಟ್ಟದ್ದು.

ಪುಲಿಕೇಶಿನಗರದ ಒಂದು ಅಡ್ಡರಸ್ತೆಯಲ್ಲಿ ವಾಸವಾಗಿರುವ, ಗಣಿತದ ಉಪಾಧ್ಯಾಯಿನಿಯಾಗಿ ನಿವೃತ್ತಳಾದ ಗೃಹಿಣಿಯೊಬ್ಬಳಿಗೆ ಮಗಳು ಅಂತಹದೊಂದು ಪುಸ್ತಕವನ್ನು ತಂದುಕೊಟ್ಟಳು. ಹರಿಣಿ ನಾಗೇಂದ್ರ ಅವರು ಇಂಗ್ಲಿಷಿನಲ್ಲಿ ಬರೆದು 2022ರಲ್ಲಿ ಪ್ರಕಟವಾದ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' ಅದು. ಕಥೆ ನಡೆಯುವುದು 1921ರ ಬೆಂಗಳೂರಿನಲ್ಲಿ. ನಾಯಕಿ ಕಾವೇರಿ ಆಗತಾನೇ ಸಂಸಾರ ಹೂಡಿದ ಹುಡುಗಿ, ಗಣಿತವೆಂದರೆ ಅವಳಿಗೆ ಪ್ರಾಣ; ಗಂಡ ರಾಮು ಬೌರಿಂಗ್ ಆಸ್ಪತ್ರೆಯ ವೈದ್ಯ. ಸೆಂಚುರಿ ಕ್ಲಬ್ಬಿನ ಔತಣದಲ್ಲಿ ಒಂದು ಕೊಲೆಯಾಗುತ್ತದೆ. ಅಲ್ಲಿಂದ ಅವಳ ಲೆಕ್ಕ ಆರಂಭ. ನಮ್ಮ ಗೃಹಿಣಿ ಇದನ್ನು ಎರಡೇ ದಿನಗಳಲ್ಲಿ ಮುಗಿಸಿ, 2023ರಲ್ಲಿ ಬಂದ ಮುಂದಿನ ಸಂಪುಟವನ್ನೂ ತರಿಸಿಕೊಂಡಳು. ಅದರಲ್ಲಿ ಸೊಸೆಗೆ ತನಿಖೆಯ ಕೆಲಸವನ್ನು ಒಪ್ಪಿಸುವವಳು ಸಾಕ್ಷಾತ್ ಅತ್ತೆಯೇ! ಕನ್ನಡದ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಅದ್ಭುತ ಇನ್ನೇನಿರಬಲ್ಲದು?

ಗೃಹಿಣಿಗೆ ಪತ್ತೇದಾರಿ ಓದು ಹೊಸದಲ್ಲ. ನಾಲ್ಕನೆಯ ತರಗತಿಯಾಚೆ ಓದದಿದ್ದರೂ ಕನ್ನಡಿಗರಿಗೆ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಕೊಟ್ಟ ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಬಾಲ್ಯದಲ್ಲಿ ಪಠ್ಯಪುಸ್ತಕದ ನಡುವೆ ಅಡಗಿಸಿ ಓದಿದವಳೇ ಆಕೆ. ಆದರೆ ಪುರುಷೋತ್ತಮ ಎಲ್ಲಿಂದಲೋ ಬಂದು, ಬೇರೆಯವರ ಮನೆಯ ಗುಟ್ಟನ್ನು ಒಡೆದು, ಎದ್ದು ಹೋಗುವವನು. ಸೊಸೆಗೆ ಆ ಅನುಕೂಲವಿಲ್ಲ. ಗುಟ್ಟು ಒಡೆದ ಮರುದಿನ ಬೆಳಿಗ್ಗೆ ಅದೇ ಮನೆಯಲ್ಲಿ ಕಾಫಿ ಬೆರೆಸಬೇಕಾದವಳು ಅವಳೇ.

ಹೀಗೆ ಅನ್ನಿಸಲು ಕಾರಣವೊಂದಿತ್ತು. ಆ ಮನೆಯ ಅಟ್ಟದ ಮೇಲೆ ಒಂದು ಹಿತ್ತಾಳೆಯ ತಪ್ಪಲೆ ಇತ್ತು.

ಚಾಮರಾಜಪೇಟೆಯಲ್ಲಿದ್ದ ಹಿರಿಯರ ಮನೆಗೆ 2019ರಲ್ಲಿ ಬೀಗ ಹಾಕಿದಾಗ ಪಾತ್ರೆಗಳ ಹಂಚಿಕೆಯಾಯಿತು. ಬಾಗಿನದ ಬೆಳ್ಳಿ, ತಾಮ್ರದ ಹಂಡೆ, ಪೂಜೆಯ ಸಾಮಾನು ಅವರವರಿಗೆ ಬೇಕಾದಂತೆ ಹೋದುವು. ಮನೆಯಲ್ಲಿ ಉಳಿದಿದ್ದ ಹಿರಿಯ ಜೀವ ಒಂದೇ: ಗೃಹಿಣಿಯ ಗಂಡನ ಸೋದರತ್ತೆ. ಮದುವೆಯಾಗದೆ ತವರಿನಲ್ಲಿಯೇ ಕಾಲ ಕಳೆದ ಅವರಿಗೆ ಆಗ ಎಂಬತ್ತಾರು ವರ್ಷ. ಅವರು ಕೇಳಿದ್ದು ಒಂದು ಪಾತ್ರೆಯನ್ನು ಮಾತ್ರ. ಕಂಠದ ಬಳಿ ನಗ್ಗಿದ, ಕಲಾಯಿ ಕಂಡು ಎಷ್ಟು ಕಾಲವಾಗಿತ್ತೋ ಹೇಳಲಾಗದ ಆ ತಪ್ಪಲೆ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಆದರೆ ಪಾತ್ರೆಯನ್ನು ಮಡಿಲಿನಲ್ಲಿಟ್ಟುಕೊಂಡೇ ಆಟೋ ಹತ್ತಿದರು.

ಹಿಂದಿನವರು ಪಾತ್ರೆಗಳ ಮೇಲೆ ಹೆಸರು ಕೆತ್ತಿಸುತ್ತಿದ್ದುದು ವಾಚಕರಿಗೆ ತಿಳಿದ ವಿಷಯವೇ. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಪಾತ್ರೆಯ ಮೇಲೆ ಚಿಕ್ಕ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಮೂಡುತ್ತಿತ್ತು. ಹೆಣ್ಣಿನ ಹೆಸರು ಮನೆಪತ್ರದಲ್ಲಿಯೂ ಇರದಿದ್ದ, ಕಂದಾಯದ ಪುಸ್ತಕದಲ್ಲಿಯೂ ಇರದಿದ್ದ ಕಾಲದಲ್ಲಿ ಅದು ಉಳಿಯುತ್ತಿದ್ದುದು ಪಾತ್ರೆಯ ಕಂಠದ ಮೇಲೆಯೇ. ದೀಪಾವಳಿಗೆ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಸೊಸೆಯ ಬೆರಳಿಗೆ ಆ ಚುಕ್ಕೆಗಳು ತಗುಲಿದುವು. ಒಂದು ಹೆಣ್ಣಿನ ಹೆಸರು. ಆ ವಂಶದಲ್ಲಿ ಆ ಹೆಸರಿನವರನ್ನು ಆಕೆ ಕೇಳಿಯೇ ಇರಲಿಲ್ಲ.

"ಅತ್ತೆ, ಇದು ಯಾರ ಹೆಸರು?"

"ಯಾರದೋ ಇರಬೇಕಮ್ಮ. ತೊಳೆದಾಯಿತಲ್ಲ, ಮೇಲಿಡು."

ಕಾದಂಬರಿಯನ್ನು ಓದಿರದಿದ್ದರೆ ಸೊಸೆ ಅದನ್ನು ಮೇಲಿಟ್ಟು ಮರೆಯುತ್ತಿದ್ದಳೇನೋ. ಈಗ ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿತು. ಚಾಮರಾಜಪೇಟೆಯಿಂದ ಅತ್ತೆಯನ್ನು ಕರೆತಂದ ಆ ಸಂಜೆ, ಆಟೋದವನಿಗೆ ಅವರು ಹೇಳಿದ್ದರು: "ಕೋಲ್ಸ್ ರೋಡಿನಲ್ಲೇ ಹೋಗಪ್ಪ. ರಂಜಾನ್ ತಿಂಗಳು, ಮಾಸ್ಕ್ ರೋಡಿನಲ್ಲಿ ಗಾಡಿ ನಿಂತುಬಿಡುತ್ತೆ." ದೇವಸ್ಥಾನಕ್ಕೂ ಮಾರುಕಟ್ಟೆಗೂ ಹೊರತು ಎಲ್ಲಿಗೂ ಹೋದವರಲ್ಲವೆಂದು ಮನೆಯವರೆಲ್ಲ ನಂಬಿದ್ದ ಮುದುಕಿಗೆ ದಂಡಿನ ಬೀದಿಗಳ ಈ ಪರಿಚಯ ಹೇಗೆ ಬಂತು?

ಇನ್ನೊಂದು. ಸೊಸೆ ಮದುವೆಯಾಗಿ ಬಂದ ವರ್ಷ, 1986. ಒಂದು ದಿನ ಅತ್ತೆ ಊಟವಾದ ಮೇಲೆ ಹೊರಗೆ ಹೋಗಿ, ಸಂಜೆ ನಾಲ್ಕು ಗಂಟೆಗೆ ಹಿಂತಿರುಗಿ, ನೇರವಾಗಿ ಬಚ್ಚಲಿಗೆ ನಡೆದು ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದುಕೊಂಡಿದ್ದರು. "ದಾರಿಯಲ್ಲಿ ಏನೋ ಮೈಲಿಗೆ ಆಯಿತು" ಎಂದಿದ್ದರು. ಮಾರ್ಗಶಿರದ ಚಳಿ. ಹೊಸ ಸೊಸೆ ಆಗ ಬಿಸಿನೀರು ಕಾಯಿಸಿ ಕೊಡಲಿಲ್ಲವಲ್ಲ ಎಂದು ನೊಂದುಕೊಂಡಿದ್ದಳು. ಆ ಸ್ನಾನ ಯಾವುದೆಂದು ಯೋಚಿಸಿರಲಿಲ್ಲ.

ಮತ್ತೊಂದು ಸಣ್ಣದು. ಅತ್ತೆ ಎರಡು ಸಲ ನೋಡಿದ ಚಲನಚಿತ್ರ ಒಂದೇ: 1972ರ 'ಬಂಗಾರದ ಮನುಷ್ಯ'. ಅದರ ಮೂಲ ಕಾದಂಬರಿಯನ್ನು ಬರೆದ ಟಿ. ಕೆ. ರಾಮರಾಯರು ಪತ್ತೇದಾರಿ ಕಥೆಗಳಲ್ಲೂ ಪಳಗಿದ ಕೈ. ಜನ ಆ ಚಿತ್ರವನ್ನು ಬೇಸಾಯಕ್ಕಾಗಿ ಹೊಗಳುತ್ತಾರೆ. ಆದರೆ ಅದರ ಹೊಟ್ಟೆಯೊಳಗೆ ಇರುವುದು ಒಂದು ಸಂಸಾರದ ಗುಟ್ಟು. ಸತ್ತ ಭಾವನ ಇನ್ನೊಂದು ಸಂಸಾರವನ್ನು ಸದ್ದಿಲ್ಲದೆ ಪೋಷಿಸಿ, ಅದನ್ನು ಹೊರಗೆಡಹದೆ ತಾನೇ ಅಪವಾದ ಹೊತ್ತವನ ಕಥೆ ಅದು.

ಬೆಂಗಳೂರಿನಲ್ಲಿ ಇಂತಹ ಗುಟ್ಟನ್ನು ಕಾಪಾಡುವುದು ಒಂದು ಕಾಲದಲ್ಲಿ ಸುಲಭವಾಗಿಯೇ ಇತ್ತು. ಪೇಟೆಗೂ ದಂಡಿಗೂ ನಡುವೆ ಇದ್ದುದು ನಾಲ್ಕೈದು ಮೈಲಿ. ಆದರೆ ಒಂದು ಮೈಸೂರು ಮಹಾರಾಜರದು, ಇನ್ನೊಂದು 1881ರಿಂದ ಬ್ರಿಟಿಷ್ ರೆಸಿಡೆಂಟರ ಆಡಳಿತದ್ದು. ಪುರಸಭೆ ಬೇರೆ, ಪೊಲೀಸು ಬೇರೆ, ಜನನ ಮರಣದ ದಾಖಲೆ ಬೇರೆ, ಬೀದಿಯ ಭಾಷೆಯೂ ಬೇರೆ. ಪುಲಿಕೇಶಿನಗರವೆಂಬುದು ಇತ್ತೀಚಿನ ಹೆಸರು. ರೆಸಿಡೆಂಟ್ ಸ್ಟುವರ್ಟ್ ಫ್ರೇಜರನ ಹೆಸರಿನಲ್ಲಿ ಅದು ಫ್ರೇಜರ್ ಟೌನ್ ಆಗಿತ್ತು. 1898ರ ಪ್ಲೇಗಿನ ಭೀತಿಯಿಂದ ಹುಟ್ಟಿದ ಬಡಾವಣೆ ಅದು. ಇಲಿಗಳಿಗೆ ಬಿಲ ತೋಡಲು ಎಡೆಯಿಲ್ಲದಂತೆ ಮನೆ ಕಟ್ಟುವುದು ಹೇಗೆಂದು ಜೆ. ಎಚ್. ಸ್ಟೀಫನ್ಸ್ 1914ರಲ್ಲಿ ಒಂದು ಪುಸ್ತಕವನ್ನೇ ಬರೆದ. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ; ಎರಡು ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಅದಕ್ಕೆ ಮುಂಚೆ ಚಾಮರಾಜಪೇಟೆಯಿಂದ ಒಬ್ಬಳು ಇಲ್ಲಿಗೆ ಬಂದು ನೆಲೆಸಿದರೆ, ಮನೆಯವರ ಪಾಲಿಗೆ ಅವಳು ಕಾಶಿಗೆ ಹೋದಷ್ಟೇ ದೂರವಾದಳು.

ಅಗಾಥಾ ಕ್ರಿಸ್ಟಿಯ 'ಸ್ಲೀಪಿಂಗ್ ಮರ್ಡರ್' ಎಂಬ ಕಾದಂಬರಿ ಆಕೆ ತೀರಿಕೊಂಡ ವರ್ಷ, 1976ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಳೆಯ ಗುಟ್ಟೊಂದನ್ನು ಕೆದಕಲು ಹೊರಟ ಎಳೆಯ ದಂಪತಿಗಳಿಗೆ ವೃದ್ಧೆ ಮಿಸ್ ಮಾರ್ಪಲ್ ಕೊಡುವ ಮೊದಲ ಬುದ್ಧಿವಾದ, ಬಿಟ್ಟುಬಿಡಿ ಎಂಬುದೇ. ಅವರು ಕೇಳುವುದಿಲ್ಲ, ಕೇಳಿದ್ದರೆ ಕಾದಂಬರಿಯೇ ಇರುತ್ತಿರಲಿಲ್ಲ. ಪುಲಿಕೇಶಿನಗರದ ಸೊಸೆ ಮಾತ್ರ ಆ ಬುದ್ಧಿವಾದವನ್ನು ಕೇಳಿ, ತಪ್ಪಲೆಯನ್ನು ಅಟ್ಟದ ಮೇಲಿಟ್ಟು ಸುಮ್ಮನಿದ್ದಳು. ತೊಂಬತ್ತು ದಾಟಿದವರನ್ನು ಪ್ರಶ್ನಿಸಿ ಪಡೆಯಬೇಕಾದ್ದೇನು?

ಆದರೆ ಚಾಮರಾಜಪೇಟೆಯ ಮನೆಗೆ ಕೊಳ್ಳುವವರು ಬಂದರು. ಕ್ರಯಪತ್ರಕ್ಕೆ ಮುಂಚೆ ವಕೀಲರು ವಂಶವೃಕ್ಷ ಕೇಳಿದರು. ಅದರ ಜೊತೆಗೆ, ಬರೆದುದೆಲ್ಲ ನಿಜವೆಂದು ನೋಟರಿಯ ಮುಂದೆ ಪ್ರಮಾಣ. ಮನೆ ಕಟ್ಟಿಸಿದ ತಾತ 1961ರಲ್ಲಿ ಉಯಿಲು ಬರೆಯದೆ ತೀರಿಕೊಂಡವರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವರ ಸ್ವಯಾರ್ಜಿತದಲ್ಲಿ ಗಂಡುಮಕ್ಕಳಿಗಿರುವಷ್ಟೇ ಪಾಲು ಹೆಣ್ಣುಮಕ್ಕಳಿಗೂ ಉಂಟು. ಗೃಹಿಣಿಯ ಗಂಡ ಕರಡನ್ನು ಗಟ್ಟಿಯಾಗಿ ಓದಿದರು: "ಇಬ್ಬರು ಗಂಡುಮಕ್ಕಳು, ಒಬ್ಬ ಹೆಣ್ಣುಮಗಳು. ಅತ್ತೆ, ಇಲ್ಲಿ ನಿಮ್ಮ ರುಜು."

ಅತ್ತೆ ಲೇಖನಿಯನ್ನು ತೆಗೆದುಕೊಂಡರು, ಕೆಳಗಿಟ್ಟರು. ಕನ್ನಡಕ ಸರಿಯಿಲ್ಲವೆಂದರು. ಮರುದಿನ ಕೈ ನಡುಗುತ್ತದೆಂದರು. ಮೂರನೆಯ ದಿನ ಗಂಡನಿಗೆ ಸಿಟ್ಟು ಬಂತು. ಕಾದಂಬರಿಯಾದರೆ ಈ ಹೊತ್ತಿಗೆ ಪತ್ತೇದಾರಳು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಗುಟ್ಟನ್ನು ಬಿಡಿಸಬೇಕು. ಸೊಸೆ ಹಾಗೆ ಮಾಡಲಿಲ್ಲ. ಗಂಡ ಹೊರಗೆ ಹೋದ ಮೇಲೆ ತಪ್ಪಲೆಯನ್ನು ಇಳಿಸಿ, ಒರೆಸಿ, ಅತ್ತೆಯ ಮುಂದಿಟ್ಟು, ತಾನು ಹುರುಳಿಕಾಯಿ ಸೋಸುತ್ತ ಕುಳಿತಳು.

ಬಹಳ ಹೊತ್ತಿನ ಮೇಲೆ ಅತ್ತೆ ಹೇಳಿದರು: "ನನ್ನ ಅಕ್ಕ ಕಣೇ."

ಹನ್ನೊಂದಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ. ಮೈಸೂರಿನ 1894ರ ಕಾನೂನು ಎಂಟು ತುಂಬದ ಹೆಣ್ಣಿನ ಮದುವೆಯನ್ನು ಮಾತ್ರ ತಡೆದಿತ್ತಾಗಿ ಹನ್ನೊಂದರ ಮದುವೆಗೆ ಅಡ್ಡಿಯಿರಲಿಲ್ಲ. ಪಾತ್ರೆಗಳೊಡನೆ ತವರಿಗೆ ಮರಳಿದ ಹುಡುಗಿ ಏಳು ವರ್ಷ ಅಡುಗೆಮನೆಯಲ್ಲಿ ಕಳೆದು, 1941ರಲ್ಲಿ, ಯುದ್ಧದ ದಿನಗಳಲ್ಲಿ, ದಂಡಿನ ಆಸ್ಪತ್ರೆಯೊಂದರಲ್ಲಿ ದಾದಿಯ ಕೆಲಸ ಕಲಿಯಲು ಹೋದಳು. ಅಲ್ಲಿಯೇ, ಬೇರೆ ಜಾತಿಯ ಗುಮಾಸ್ತನೊಬ್ಬನನ್ನು ಮದುವೆಯಾದಳು. ತಂದೆ ಅವಳ ಹೆಸರಿನಲ್ಲಿ ಎಳ್ಳುನೀರು ಬಿಟ್ಟರು. ಮನೆಯಲ್ಲಿ ಆ ಹೆಸರನ್ನು ಎತ್ತುವುದು ನಿಂತಿತು. ಚಿಕ್ಕವಳ ಮದುವೆಗೆ ತೊಡಕಾಗದಿರಲೆಂದು ಇಷ್ಟೆಲ್ಲ ಮುಚ್ಚಿದರೂ ಊರಿಗೆ ತಿಳಿಯದೆ ಇರಲಿಲ್ಲ; ಬಂದ ವರಗಳು ಹಾಗೆಯೇ ಹಿಂದಿರುಗಿದರು.

"ಅಕ್ಕನ ಮೇಲೆ ಸಿಟ್ಟು ಬರಲಿಲ್ಲವೇ, ಅತ್ತೆ?"

"ಬಂತು. ಬೈಯುವುದಕ್ಕೇ ಹುಡುಕಿಕೊಂಡು ಹೋದೆ. ಮಗೂಗೆ ಜ್ವರ, ಅವಳಿಗೆ ರಾತ್ರಿ ಪಾಳಿ. ಮಗೂನ ನನ್ನ ತೊಡೆ ಮೇಲೆ ಹಾಕಿ ಕೆಲಸಕ್ಕೆ ಹೊರಟುಹೋದಳು."

ಅಲ್ಲಿಂದ ಮುಂದೆ ಮೂವತ್ತು ವರ್ಷ, ತಿಂಗಳಿಗೊಮ್ಮೆ, ಹರಿಕಥೆಯ ನೆಪ, ಕಣ್ಣಿನ ವೈದ್ಯರ ನೆಪ; ಶಿವಾಜಿನಗರದವರೆಗೆ ಬಸ್ಸು, ಅಲ್ಲಿಂದಾಚೆ ನಡಿಗೆ. 1986ರ ಆ ಮಧ್ಯಾಹ್ನ ಅಕ್ಕನನ್ನು ಕಳಿಸಿಕೊಟ್ಟು ಬಂದು ಸ್ನಾನ ಮಾಡಿದ್ದು. ಅಣ್ಣಂದಿರು ಇರುವವರೆಗೆ ಬಾಯಿ ಬಿಡುವುದಿಲ್ಲವೆಂದು ಅಕ್ಕನಿಗೇ ಮಾತು ಕೊಟ್ಟಿದ್ದರಂತೆ. ಅಣ್ಣಂದಿರು ಹೋದ ಮೇಲೆ ಕೇಳುವವರೇ ಉಳಿಯಲಿಲ್ಲ.

ಸಂಜೆ ಗಂಡ ಎಲ್ಲವನ್ನೂ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಎಂಬತ್ತು ವರ್ಷದ ಮಾತನ್ನು ಈಗ ಎತ್ತಿದರೆ ವ್ಯವಹಾರ ಮುರಿಯುತ್ತದೆ, ಪಾಲು ಒಡೆಯುತ್ತದೆ, ತಮ್ಮಂದಿರು ಒಪ್ಪುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಳ್ಳುವವರು ಹಿಂದೆ ಸರಿದದ್ದೂ, ತಮ್ಮನೊಬ್ಬ ಇಂದಿಗೂ ಮಾತು ಬಿಟ್ಟಿರುವುದೂ ನಿಜವೇ. ಸೊಸೆ ಅಂದು ವಾದಿಸಲಿಲ್ಲ. ಕರಡನ್ನು ಮುಂದಿಟ್ಟುಕೊಂಡು ಕೇಳಿದಳು: "ನಿಜವೆಂದು ಪ್ರಮಾಣ ಮಾಡುವವರು ಯಾರು? ನೀವೋ, ಅತ್ತೆಯೋ?"

ಗಂಡ ಕಾಗದವನ್ನು ಅತ್ತೆಯ ಕಡೆಗೆ ಸರಿಸಿದರು. ಅತ್ತೆಯ ಕೈ ಅಂದು ನಡುಗಲಿಲ್ಲ. ತಮ್ಮ ಹೆಸರಿನ ಮೇಲುಗಡೆ, ಇದ್ದ ಕಿರಿದಾದ ಎಡೆಯಲ್ಲಿ, ತಪ್ಪಲೆಯ ಮೇಲಿದ್ದ ನಾಲ್ಕು ಅಕ್ಷರಗಳನ್ನು ಬರೆದರು. ಆ ಮಗು, ಈಗ ಎಪ್ಪತ್ತು ದಾಟಿದ ಅಕ್ಕನ ಮಗಳು, ಎಲ್ಲಿರುವಳೆಂದು ಸೊಸೆ ಕೇಳಿದಾಗ ಅವರಿಗೇ ಆಶ್ಚರ್ಯವಾಯಿತು.

"ಇಲ್ಲೇ ಕಣೇ, ರೈಲ್ವೆ ಗೇಟಿನ ಹತ್ತಿರ. ನೀನು ದಿನಾ ತರಕಾರಿಗೆ ಹೋಗುವ ದಾರಿಯಲ್ಲೇ."

ಭಾನುವಾರ ತಪ್ಪಲೆಯನ್ನು ಶಿವಾಜಿನಗರದಲ್ಲಿ ಕಲಾಯಿ ಹಾಕಿಸಿ ತಂದರು. ಕಂಠದ ನಗ್ಗನ್ನೂ ತಟ್ಟಿ ಸರಿಮಾಡಲೇ ಎಂದು ಕೇಳಿದವನಿಗೆ, ತಟ್ಟಿದರೆ ಹೆಸರು ಅಳಿಸೀತೆಂದು ಸೊಸೆ ಬೇಡವೆಂದಳು. ನಾಲ್ಕು ಗಂಟೆಗೆ ಆಟೋ ಬಂತು. ಅತ್ತೆ ಪಾತ್ರೆಯನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತು, ಯಾವ ಬೀದಿಯಲ್ಲಿ ಹೋಗಬೇಕೆಂದು ಹೇಳತೊಡಗಿದರು.