ಕುದೂರಿನ ಚಳಿಯ ಒಂದು ಬೆಳಗು

ಮಾಗಡಿ ತಾಲ್ಲೂಕಿನ ಕುದೂರಿಗೆ ಕಳೆದ ಪುಷ್ಯಮಾಸದಲ್ಲಿ ನಾವು ಪುನಃ ಹೋಗುವ ಪ್ರಸಂಗ ಒದಗಿತು. ಸೋಲೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಒಳರಸ್ತೆಗೆ ಹೊರಳಿದೊಡನೆ ಹವೆಯೇ ಬೇರೆಯಾಗುತ್ತದೆ. ಹೊಲಗಳಲ್ಲಿ ರಾಗಿಯ ಮೆದೆಗಳು, ಅವುಗಳ ಅಂಚಿಗೆ ಅವರೆಯ ಸಾಲು. ಮಾಗಡಿ ಸೀಮೆಯ ಅವರೆಕಾಯಿಯ ಸೊಗಡು ಮಾಗಿಯ ಮಂಜು ಬಿದ್ದಾಗಲೇ ಏರುವುದೆಂದು ಇಲ್ಲಿಯ ಗೃಹಿಣಿಯರು ಹೇಳುತ್ತಾರೆ. ರಾಗಿಯ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ಪದ್ಧತಿ ಮಾತ್ರ ನಮಗೆ ಎಂದೂ ಒಪ್ಪಿಗೆಯಾದುದಲ್ಲ. ದ್ವಿಚಕ್ರ ವಾಹನದವರು ಜಾರಿ ಬೀಳುವುದನ್ನು ಕಂಡಿದ್ದೇವೆ.

ಪ್ರಾತಃಕಾಲದಲ್ಲಿ ಭೈರವನದುರ್ಗದ ಬಂಡೆ ಮಂಜಿನಿಂದ ತಲೆಯೆತ್ತುವುದನ್ನು ನೋಡುತ್ತ ಆತಿಥೇಯರ ಅಂಗಳದಲ್ಲಿ ನಿಂತಿದ್ದೆವು. ಮನೆಯ ಯುವಕನು ತನ್ನ ಹೊಸ ಡೀಸೆಲ್ ಕಾರಿನ ಗುಂಡಿಯನ್ನೊತ್ತಿದನು. ಸುರುಳಿಯಾಕಾರದ ಪುಟ್ಟ ದೀಪವೊಂದು ಕ್ಷಣಮಾತ್ರ ಬೆಳಗಿ ಆರಿತು. ಇಂಜಿನ್ ಸದ್ದಿಲ್ಲದಂತೆ ಚಾಲೂ ಆಯಿತು. ಆ ದೀಪವನ್ನು ಕಂಡಾಗ 1996ರ ಜನವರಿಯ ಒಂದು ಬೆಳಗು ನಮ್ಮ ಕಣ್ಣಮುಂದೆ ಬಂದಿತು. ಅದನ್ನು ಇದುವರೆಗೆ ನಾವು ಯಾರಲ್ಲಿಯೂ ಹೇಳಿರಲಿಲ್ಲ.

ಆಗ ಉಪನ್ಯಾಸವೊಂದರ ನಿಮಿತ್ತ ಇದೇ ಮನೆಯಲ್ಲಿ ತಂಗಿದ್ದೆವು. ಬೆಳಗಿನ ಜಾವ ಐದಕ್ಕೆ ಮನೆಯ ಹಿರಿಯ ತಾಯಿಗೆ ಉಸಿರು ಕಟ್ಟತೊಡಗಿತು. ಮಲಗಲಾರದೆ, ಗೋಡೆಗೊರಗಿ ಕುಳಿತು, ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದು ಒಂದೊಂದು ಉಸಿರಿಗೂ ಶ್ರಮಿಸುತ್ತಿದ್ದರು. ಕರೆದೊಡನೆ ಬರುವ 108ರ ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದುದು 2008ರಲ್ಲಿ. ಅಂದು ಇದ್ದುದು ನಾವು ಬಂದಿದ್ದ ಹಳೆಯ ಡೀಸೆಲ್ ಅಂಬಾಸಿಡರ್ ಒಂದೇ. ಅದು ಹೊರಡಲಿಲ್ಲ.

ಕಾರಣವನ್ನು ಓದುಗರು ತಿಳಿಯುವುದು ಒಳ್ಳೆಯದು. ಪೆಟ್ರೋಲ್ ಇಂಜಿನ್ನಿನಲ್ಲಿ ವಿದ್ಯುತ್ತಿನ ಕಿಡಿಯು ಇಂಧನವನ್ನು ಹೊತ್ತಿಸುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಅವರು 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಯಂತ್ರಕ್ಕೆ ಕಿಡಿಯೇ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಅದೇ ರೀತಿಯಲ್ಲಿ ಸಿಲಿಂಡರಿನೊಳಗಿನ ಗಾಳಿಯನ್ನು ಇಪ್ಪತ್ತನೆಯ ಒಂದು ಪಾಲಿನಷ್ಟಕ್ಕೆ ಒತ್ತಿದರೆ ಅದು 500 ಡಿಗ್ರಿಯನ್ನು ಮೀರಿ ಕಾಯುತ್ತದೆ. ಅದರ ಮೇಲೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಉರಿಯುತ್ತದೆ. ಆದರೆ ರಾತ್ರಿಯೆಲ್ಲ ತಣ್ಣಗಾದ ಕಬ್ಬಿಣವು ಆ ಕಾವನ್ನು ಹೀರಿಕೊಳ್ಳುತ್ತದೆ. ಅಂಬಾಸಿಡರಿನಂತಹ ಹಳೆಯ ಇಂಜಿನ್ನುಗಳಲ್ಲಿ ಇಂಧನವು ಒಂದು ಕಿರುಕೋಣೆಯೊಳಗೆ ಸಿಂಪಡಿಸಲ್ಪಡುತ್ತಿದ್ದುದರಿಂದ ಈ ನಷ್ಟ ಇನ್ನೂ ಅಧಿಕ. ಆದಕಾರಣ ಹೀಟರ್ ಪ್ಲಗ್ಗುಗಳು. ಬ್ಯಾಟರಿಯ ವಿದ್ಯುತ್ತಿನಿಂದ ಕೆಂಪಗೆ ಕಾದು ಅವು ಆ ಕೋಣೆಯನ್ನು ಬೆಚ್ಚಗೆ ಮಾಡುತ್ತವೆ.

ಹಾಗಾದರೆ ಎಲ್ಲವೂ ಬ್ಯಾಟರಿಯ ಮೇಲೆ ನಿಂತಿತು. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಇಂಜಿನ್ ಆಯಿಲ್ ಮಂದವಾಗಿ ತಿರುಗುವಿಕೆಯನ್ನು ತಡೆಯುತ್ತದೆ. ಬಲ ಕುಗ್ಗಿದ ಹೊತ್ತಿನಲ್ಲಿಯೇ ಭಾರ ಹೆಚ್ಚುತ್ತದೆ. ಹಾಗೆಂದು ಕುದೂರಿನ ಚಳಿಯನ್ನು ದೊಡ್ಡದು ಮಾಡಲಾಗದು. ಇದೇ ಪ್ರಸ್ಥಭೂಮಿಯ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಲಡಾಖಿನಲ್ಲಿ ಡೀಸೆಲಿನ ಮೇಣದಂಶವೇ ಹೆಪ್ಪುಗಟ್ಟುವುದರಿಂದ 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲನ್ನು ಅಲ್ಲಿಗೆ ಒದಗಿಸಿತು. ನಮ್ಮ ಸೀಮೆಯ ಚಳಿ ಆರೋಗ್ಯವಾಗಿರುವ ಗಾಡಿಯನ್ನು ನಿಲ್ಲಿಸದು. ಸೋತ ಬ್ಯಾಟರಿಯನ್ನು ಮಾತ್ರ ಬಯಲಿಗೆಳೆಯುತ್ತದೆ.

ಅಂದು ಚಾಲಕನಾಗಿದ್ದವನು ಇಪ್ಪತ್ತರ ಹುಡುಗ. ಅವನು ಹೀಟರಿಗೆ ಅರ್ಧ ನಿಮಿಷ ಕಾಯಬೇಕೆಂದನು. ನಾವು ಕಾಯಗೊಡಲಿಲ್ಲ. “ಇನ್ನೊಮ್ಮೆ, ಇನ್ನೊಮ್ಮೆ” ಎಂದು ಅವಸರಪಡಿಸಿದೆವು. ಸೆಲ್ಫ್ ಹೊಡೆದಷ್ಟೂ ಸದ್ದು ಕ್ಷೀಣಿಸಿ, ಕಡೆಗೆ ಬರಿಯ ಟಿಕ್ ಎಂಬ ಶಬ್ದವುಳಿಯಿತು. ಒಳಗಿನಿಂದ ಆ ತಾಯಿ, “ಗಾಡಿ ಬಂತೇನಪ್ಪಾ?” ಎಂದು ಕೇಳಿದ್ದು ನಮ್ಮ ಕಿವಿಗೆ ಬಿತ್ತು. ಮನೆಯವರೆಲ್ಲರೂ ಹುಡುಗನನ್ನು ಬೈದರು. ಗಾಡಿ ನೋಡಿಕೊಳ್ಳುವ ಯೋಗ್ಯತೆಯಿಲ್ಲ ಎಂದರು. ಅವನು ತಲೆ ತಗ್ಗಿಸಿ ನಿಂತಿದ್ದನು.

ಒಬ್ಬರು ಆಯಿಲ್ ಚೇಂಬರಿನ ಕೆಳಗೆ ರಾಗಿಹುಲ್ಲಿನ ಬೆಂಕಿ ಹಾಕೋಣವೆಂದರು. ಇನ್ನೊಬ್ಬರು ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯನ್ನು ಗಾಳಿ ಎಳೆಯುವ ಬಾಯಿಗೆ ಹಿಡಿಯೋಣವೆಂದರು. ಎರಡೂ ಅಪಾಯ. ಮೊದಲನೆಯದರಿಂದ ಸೋರಿದ ಎಣ್ಣೆಗೂ ಡೀಸೆಲಿನ ಕೊಳವೆಗೂ ಬೆಂಕಿ ತಗಲಬಹುದು. ಎರಡನೆಯದರಿಂದ, ಕಾದ ಪ್ಲಗ್ಗಿನ ಸೋಂಕಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟವಾಗಿ ಇಂಜಿನ್ನೇ ಒಡೆಯಬಹುದು. ನೆರೆಮನೆಯ ಟ್ರ್ಯಾಕ್ಟರಿನ ಮುದುಕರು ಕಂಬಳಿ ಹೊದ್ದು ಬಂದು ಎಲ್ಲರನ್ನೂ ಸುಮ್ಮನಿರಿಸಿದರು. “ಐನೋರೇ, ವಸಿ ಸುಮ್ಕಿರಿ. ಅದಕ್ಕೂ ಉಸ್ರು ತಗೊಳ್ಳಾಕೆ ಬಿಡಿ” ಎಂದರು.

ತಮ್ಮ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬಿಚ್ಚಿ ತಂದು, ದಪ್ಪ ತಂತಿಯಿಂದ ಮೊದಲು ಪ್ಲಸ್ಸಿಗೆ ಪ್ಲಸ್ಸನ್ನು ಸೇರಿಸಿದರು. ಇನ್ನೊಂದು ತಂತಿಯ ತುದಿಯನ್ನು ಸೋತ ಬ್ಯಾಟರಿಗೆ ಕೊಡದೆ, ಅದರಿಂದ ದೂರ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿದರು. ಬ್ಯಾಟರಿಯಿಂದ ಹೊರಬರುವ ಜಲಜನಕಕ್ಕೆ ಕಿಡಿ ತಾಗಬಾರದೆಂಬುದು ಅದರ ಮರ್ಮ. ಅನಂತರ ಹೀಟರನ್ನು ಹಾಕಿಸಿ ಮೂವತ್ತರವರೆಗೆ ತಾವೇ ಎಣಿಸಿದರು. ಕ್ಲಚ್ಚನ್ನು ತುಳಿಸಿ, ಹತ್ತು ಎಣಿಕೆಗಿಂತ ಹೆಚ್ಚು ಸೆಲ್ಫ್ ಹೊಡೆಯಕೂಡದೆಂದು ಹುಡುಗನಿಗೆ ಹೇಳಿದರು. ಎರಡನೆಯ ಸಲಕ್ಕೆ ಬಿಳಿಯ ಹೊಗೆಯುಗುಳಿ, ಕಟಕಟನೆ ಬಡಿದುಕೊಂಡು ಇಂಜಿನ್ ಹಿಡಿದುಕೊಂಡಿತು. ನಲವತ್ತು ನಿಮಿಷ ಕಳೆದಿತ್ತು.

ಸೋಲೂರು, ನೆಲಮಂಗಲದ ಮಾರ್ಗವಾಗಿ ಬೆಂಗಳೂರಿನ ಆಸ್ಪತ್ರೆಯನ್ನು ಸೇರಿದೆವು. ಶ್ವಾಸಕೋಶದಲ್ಲಿ ನೀರು ತುಂಬಿದೆಯೆಂದು ವೈದ್ಯರು ಹೇಳಿದರು. ಆ ತಾಯಿ ಬದುಕಿಕೊಂಡರು; ಮುಂದೆ ಏಳು ವರ್ಷ ಆ ಮನೆಯಲ್ಲಿ ದಾಸೋಹ ನಡೆಸಿದರು.

ಈಗ ಹೇಳಬೇಕಾದ ಮಾತು. ಆ ಹಿಂದಿನ ರಾತ್ರಿ ಊರಿನಲ್ಲಿ ಕರೆಂಟು ಹೋಗಿದ್ದಾಗ ನಾವು ಕಾರಿನೊಳಗೆ ಕುಳಿತು, ಅದರ ದೀಪದ ಬೆಳಕಿನಲ್ಲಿ ಉಪನ್ಯಾಸದ ಟಿಪ್ಪಣಿಗಳನ್ನು ಓದಿದ್ದೆವು. ದೀಪವನ್ನು ಆರಿಸದೆ ಎದ್ದುಬಂದಿದ್ದೆವು. ಹುಡುಗನನ್ನು ಬೈಯುತ್ತಿದ್ದಾಗ ಅದು ನಮ್ಮ ನೆನಪಿಗೆ ಬಂದಿತ್ತು. ಆದರೂ ಬಾಯಿ ತೆರೆಯಲಿಲ್ಲ. ವಚನಗಳ ಮೇಲೆ ಮಾತನಾಡಲು ಬಂದಿದ್ದವರು ನಾವು!

ಆ ಹುಡುಗನಿಗೆ ಈಗ ಐವತ್ತು. ಕುದೂರಿನ ಬಸ್ ನಿಲ್ದಾಣದ ಬಳಿ ಸ್ವಂತ ಗಾಡಿ ಇಟ್ಟುಕೊಂಡಿದ್ದಾನೆಂದು ತಿಳಿದು, ಈ ಸಲ ಹುಡುಕಿಕೊಂಡು ಹೋದೆವು. ಗುರುತು ಹಿಡಿದು ಕಾಲಿಗೆರಗಲು ಬಂದನು. ತಡೆದು, ನಡೆದುದನ್ನು ಹೇಳಿದೆವು. ಅವನು ನಕ್ಕನು.

“ಗೊತ್ತಿತ್ತು ಐನೋರೇ. ನಾನು ಬಾಗ್ಲು ತೆಗ್ದಾಗ ದೀಪ ಮಿಣಮಿಣ ಅಂತಿತ್ತು. ನಾನೇ ಆರಿಸ್ದೆ.”

ಹೇಳಬಾರದಿತ್ತೇ ಎಂದು ಕೇಳಿದೆವು. ಅವನು ಅದಕ್ಕೆ ಉತ್ತರಿಸದೆ, ಅಂಗಡಿಯವನಿಗೆ ಎರಡು ಟೀ ಹೇಳಿ ನಮಗೆ ಬೆಂಚನ್ನು ಒರೆಸಿಕೊಟ್ಟನು.